ಕೇಳದೆ ಒಯ್ದ ಬಸ್ಸು

೯ ಜೂನ್ ೨೦೨೫

ನನ್ನ ಬಸ್ಸನ್ನು ಜಗಳೂರಿನವನೊಬ್ಬ ಕದ್ದಿದ್ದಾನೆ.

ಬೆಳಿಗ್ಗೆ ನಮ್ಮ ಸ್ಟಿಕ್ಕರ್ ಅಂಗಡಿಯ ಷಟರ್ ಎತ್ತಿ, ಕಸ ಗುಡಿಸಿ, ಅಮ್ಮನ ತಮ್ಮ ಪರಮೇಶ್ ಮಾವ ಬರುವುದರೊಳಗೆ ಬಸ್ ಆಟದ ಬಳಗದ ಪುಟವನ್ನೊಮ್ಮೆ ನೋಡೋಣ ಅಂತ ಕಂಪ್ಯೂಟರ್ ಮುಂದೆ ಕೂತೆ. ಅಲ್ಲಿ ನಿಂತಿದೆ ನನ್ನ ಸುಂಕಲಮ್ಮ ಎಕ್ಸ್‌ಪ್ರೆಸ್! ಅದೇ ಹಸಿರು ಮೈ, ಅದೇ ಹಳದಿ ಪಟ್ಟಿ, ಕಿಟಕಿಗಳ ಕೆಳಗೆ ನಾನು ಬಿಡಿಸಿದ ಅವೇ ಗಿಣಿಗಳು. ಹಣೆಯ ಮೇಲಿನ ಹೆಸರು ಮಾತ್ರ 'ಅಜ್ಜಮ್ಮ ಟ್ರಾವೆಲ್ಸ್, ಜಗಳೂರು' ಅಂತ ಬದಲಾಗಿದೆ. ಹಾಕಿದವನು ಯಾವನೋ ಶರಣು. ಕೆಳಗೆ ಹೊಗಳಿಕೆಯ ಸುರಿಮಳೆ, 'ಸೂಪರ್ ಗುರು', 'ಬೆಂಕಿ ಬ್ರೋ' ಅಂತ. ನನಗೆ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಮುದ್ದೆ ಮುರಿಯದೆ ಕೂತಿದ್ದನ್ನು ನೋಡಿ ಅಮ್ಮ ಕಾರಣ ಕೇಳಿದಳು. ಬಿಡಿಸಿ ಹೇಳಬೇಕಾಯಿತು. ಬಸ್ ಓಡಿಸುವ ಆಟ ಅಂತ ಒಂದಿದೆ. ಆಟದ ಜೊತೆ ಬರುವ ಬಸ್ಸು ಸಾಲದು ಅಂತ ನಮ್ಮಂಥವರು ನಮ್ಮ ಕಡೆಯ ಬಸ್ಸು, ನಮ್ಮ ಕಡೆಯ ರಸ್ತೆ ಮಾಡಿ ಅದರೊಳಗೆ ಸೇರಿಸುತ್ತೇವೆ. ಅದಕ್ಕೆ ಮಾಡ್ ಅನ್ನುತ್ತಾರೆ. ಓಡಿಸುವವರಿಗೆ ಪುಕ್ಕಟೆ. ಆದರೆ ಒಬ್ಬರ ಮಾಡ್ ತೆಗೆದುಕೊಂಡು ಅದರ ಮೇಲೆ ಇನ್ನೊಂದು ಕಟ್ಟಬೇಕಾದರೆ ಮಾಡಿದವರನ್ನು ಕೇಳಬೇಕು. ಇದು ರೂಢಿ.

"ಓಡ್ಸಾಕೆ ಪುಕ್ಕಟೆ ಕೊಡ್ತೀಯ, ಬಣ್ಣ ಬದಲಾಯ್ಸಿದ್ರೆ ಬ್ಯಾಡ ಅಂತೀಯ. ಇದ್ಯಾವ ನ್ಯಾಯ ಕಣೇ?" ಅಂದಳು ಅಮ್ಮ.

"ನಿನ್ನ ಒಳಕಲ್ಲಾಗೆ ಬೀದಿಯೋರೆಲ್ಲ ರುಬ್ಕಂಡು ಹೋಗ್ತಾರೆ, ನೀನೇನು ಬ್ಯಾಡ ಅಂದೀಯಾ? ಅದ್ನೇ ಯಾರಾದ್ರೂ ಹೊತ್ಕಂಡು ಹೋಗಿ, ಅವರ ಹೆಸ್ರು ಕೆತ್ತಿಸಿ, ಅವರ ಅಂಗಳದಾಗೆ ಇಟ್ಕಂಡ್ರೆ?"

ಅಮ್ಮ ಸೌಟು ಕೈಗೆತ್ತಿಕೊಂಡಳು. "ಕೇಳಿದ್ರೆ ಕೊಡ್ತಿದ್ದೆನೋ ಏನೋ. ಆದ್ರೆ ಕೇಳ್ಬೇಕಪ್ಪ," ಅಂದಳು. ಸಾರು ಬಡಿಸಿದಳು. ನನಗೆ ಸೇರಲಿಲ್ಲ.

೧೦ ಜೂನ್

ಬಳಗದ ಅಡ್ಮಿನ್ ಚನ್ನಗಿರಿಯ ನಾಗರಾಜ್. ಅವನಿಗೆ ಎರಡೂ ಬಸ್ಸಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದೆ. 'ಬಿಡಿ ಅಣ್ಣಾ, ನಾನು ವಿಚಾರಿಸ್ತೀನಿ' ಅಂತ ಬರೆದ.

ಬಳಗದಲ್ಲಿ ಎಲ್ಲರಿಗೂ ನಾನು ಅಣ್ಣ. 'ನ್ಯಾಮತಿ ಬಾಡಿ ಬಿಲ್ಡರ್ಸ್' ಅಂತ ಹೆಸರಿಟ್ಟುಕೊಂಡಿದ್ದೇನೆ. ಹುಡುಗಿ ಅಂತ ಗೊತ್ತಾದರೆ ಬಸ್ಸಿನ ವಿಷಯ ಬಿಟ್ಟು ಬೇರೆಲ್ಲ ಕೇಳುತ್ತಾರೆ. ಆದರೆ ಜುಲೈ ಕೊನೆಗೆ ನಮ್ಮ ಕಡೆಯ ಬಸ್ಸುಗಳನ್ನೆಲ್ಲ ಒಂದೇ ಕಟ್ಟಿನಲ್ಲಿ ಸೇರಿಸಿ ಬಳಗದಿಂದ ಬಿಡುಗಡೆ ಮಾಡುತ್ತಾರೆ. ಮೊದಲ ಬಸ್ಸು ನನ್ನದು. ಪ್ರತಿ ಬಸ್ಸಿನ ಹಿಂಭಾಗದಲ್ಲೂ ಮಾಡಿದವರ ನಿಜ ಹೆಸರು ಬರುತ್ತದೆ. 'ಚೈತ್ರಾ, ನ್ಯಾಮತಿ' ಅಂತ ಬರೆಸಬೇಕೆಂದು ನಿಶ್ಚಯಿಸಿದ್ದೇನೆ. ಇಷ್ಟು ವರ್ಷ ನಾನು ಬಿಡಿಸಿದ ಯಾವುದರ ಮೇಲೂ ನನ್ನ ಹೆಸರಿಲ್ಲ. ಇದೊಂದರ ಮೇಲೆ ಬರುವುದಿತ್ತು. ಈಗ ಅದೇ ಬಸ್ಸು ಎರಡು ಹೆಸರಿನಲ್ಲಿ ಓಡಾಡುತ್ತಿದ್ದರೆ ಯಾರದು ಮೊದಲು ಅಂತ ಯಾರಿಗೆ ಗೊತ್ತಾಗಬೇಕು?

ಮಾಡ್‌ನ ವಿವರದಲ್ಲಿ ಮೊದಲ ಸಾಲೇ ಬರೆದಿದ್ದೆ: 'ಕೇಳದೆ ಬಳಸಬೇಡಿ. ಕೇಳಿದರೆ ಉತ್ತರ ಕೊಡುತ್ತೇನೆ.' ಈ ಶರಣುಗೆ ಕನ್ನಡ ಓದಲು ಬರುವುದಿಲ್ಲವೋ, ನಾಚಿಕೆಯೇ ಇಲ್ಲವೋ.

೧೨ ಜೂನ್

ಸಾಕ್ಷಿ ಬೇಕಲ್ಲ ಅಂತ ಕಳ್ಳನ ಬಸ್ಸನ್ನು ಡೌನ್‌ಲೋಡ್ ಮಾಡಿಕೊಂಡು ಓಡಿಸಿದೆ. ಎಲ್ಲೆಲ್ಲಿ ಕೈಯಾಡಿಸಿದ್ದಾನೆ ನೋಡಬೇಕಿತ್ತು. ಹಿಂದೆ ಟಾಪಿಗೆ ಹತ್ತುವ ಏಣಿ ಸೇರಿಸಿದ್ದಾನೆ. ಡ್ರೈವರ್ ಮುಂದಿನ ದೇವರ ಫೋಟೋಗೆ ಕೆಂಪು ಬಲ್ಬಿನ ಸಣ್ಣ ಸರ. ನನ್ನ ರಸ್ತೆ ನ್ಯಾಮತಿಯಿಂದ ಹೊರಟು, ಹೊನ್ನಾಳಿ ಸೇತುವೆ ದಾಟಿ, ಸೂಳೆಕೆರೆ ಏರಿಯ ಮೇಲೆ ಹಾದು ಚನ್ನಗಿರಿಯಲ್ಲಿ ಮುಗಿಯುತ್ತಿತ್ತು. ಇವನು ಅದನ್ನು ತ್ಯಾವಣಿಗೆ ಮೇಲಿಂದ ಜಗಳೂರಿನವರೆಗೆ ಎಳೆದಿದ್ದಾನೆ. ಹಾರನ್ ಆಟದ್ದಲ್ಲ, ನಿಜವಾದ ಬಸ್ಸಿನ ಪಕ್ಕ ನಿಂತು ರೆಕಾರ್ಡ್ ಮಾಡಿದ್ದು. ಕೊನೆಯಲ್ಲಿ ಯಾವನೋ ಕಂಡಕ್ಟರ್ "ರೈಟ್ ರೈಟ್" ಅನ್ನುವುದೂ ಸಣ್ಣಗೆ ಕೇಳುತ್ತದೆ. ಏರಿಯ ಮೇಲೆ ನಾನು ಬಿಟ್ಟಿದ್ದ ಕುರಿ ಹಿಂಡು ಆ ಹಾರನ್ನಿಗೆ ಚದುರಿ ದಾರಿ ಬಿಡುತ್ತದೆ. ನನ್ನ ಹಾರನ್ನಿಗೆ ಒಂದು ದಿನವೂ ಬಿಟ್ಟಿರಲಿಲ್ಲ.

ಸರಿಯಾಗಿ ನೋಡಿದಂತಾಗಲಿಲ್ಲ ಅಂತ ಇನ್ನೊಮ್ಮೆ ಓಡಿಸಿದೆ, ಜಗಳೂರಿನವರೆಗೆ.

ಹಿಂದಿನ ಬಂಪರ್ ಮೇಲೆ ಸಿಕ್ಕಿತು ನೋಡಿ ಅಸಲಿ ಸಾಕ್ಷಿ. 'ಸೌಜನ್ಯ: ಪರಮೇಶ್ ರೇಡಿಯಂ ಆರ್ಟ್ಸ್, ನ್ಯಾಮತಿ.' ನಮ್ಮ ಅಂಗಡಿಯ ಹೆಸರು! ಆಟದೊಳಗಿನ ನ್ಯಾಮತಿ ಬಸ್ ಸ್ಟ್ಯಾಂಡ್ ಪಕ್ಕ ನಮ್ಮ ಅಂಗಡಿಯ ಬೋರ್ಡನ್ನು ಹೆಮ್ಮೆಗೆ ಹಾಕಿದ್ದು ನಾನೇ. ಅದನ್ನು ನೋಡಿ ಹುಡುಕಿದ್ದಾನೆ. ನೀನು ಯಾರು ಅಂತ ನನಗೆ ಗೊತ್ತಿದೆ ಅಂತ ಹೆದರಿಸುತ್ತಿದ್ದಾನೆ. ಹೆದರುವವಳು ನಾನಲ್ಲ. ಅದನ್ನೂ ನಾಗರಾಜ್‌ಗೆ ಕಳಿಸಿದೆ.

೧೩ ಜೂನ್

ಚನ್ನಗಿರಿಯ ಬಸ್ ಮಾಲೀಕರು ಚಿಕ್ಕಹನುಮಂತಪ್ಪನವರು ಬಂದಿದ್ದರು. ಅವರ ಹೊಸ ಬಸ್ಸಿನ ಹೆಸರು, ಪಕ್ಕದ ಹೂಬಳ್ಳಿ, ಹಿಂದಿನ ನವಿಲು ಎಲ್ಲ ನಾನು ಕಂಪ್ಯೂಟರಿನಲ್ಲಿ ಬಿಡಿಸಿ, ಮಿಷನ್ನಿನಲ್ಲಿ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಇಟ್ಟಿದ್ದೆ. ಬಸ್ಸಿಗೆ ಅಂಟಿಸಿದ ಮೇಲೆ ಸುತ್ತ ಒಂದು ಸುತ್ತು ಬಂದು, "ಪರಮೇಶಪ್ಪಾ, ನಿನ್ನ ಕೈಯಾಗೆ ಏನೋ ಐತೆ ಬಿಡು," ಅಂದರು. ಮಾವ ನಕ್ಕರು. ನಾನು ಟೀ ತರಲು ಹೋದೆ. ನಮ್ಮ ಅಂಗಡಿಗೆ ಹೆಸರು ಬಂದರೆ ಒಳ್ಳೆಯದೇ ಅಲ್ಲವೇ. ಶರಣುವಿನ ವಿಷಯಕ್ಕೆ ನಾಗರಾಜ್ ಇನ್ನೂ ಉತ್ತರ ಕೊಟ್ಟಿಲ್ಲ.

೧೬ ಜೂನ್

ಶರಣುವನ್ನು ಬಳಗದಿಂದ ಹೊರಹಾಕಿದರು. ಆ ಬಸ್ಸಿನ ಜೊತೆ ಅವನು ಹಾಕಿದ್ದ ರಸ್ತೆಗಳನ್ನೆಲ್ಲ ಬಳಗದ ಪುಟದಿಂದ ಅಳಿಸಿದರು. ಕಳ್ಳ, ಬೇವರ್ಸಿ ಅಂತ ಎಲ್ಲರೂ ಉಗಿದಿದ್ದನ್ನು ಪೂರ್ತಿ ಓದಿದೆ. ಬಸ್ಸಿನ ಮೇಲಿನ ಹೆಸರು ಹಿಡಿದು ಒಬ್ಬ ಅವನ ಅಜ್ಜಿಯನ್ನೂ ಎಳೆದುತಂದಿದ್ದ. ಅದೊಂದು ಬೇಡವಿತ್ತು. ಇರಲಿ.

ಇವತ್ತು ಎರಡು ಮುದ್ದೆ ಉಂಡೆ.

೨೧ ಜೂನ್

ಶರಣುವಿನಿಂದ ಮೆಸೇಜು. ಇದ್ದದ್ದು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

'ಸಾರ್, ನಾನು ಕೇಳೇ ತಗಂಡಿದ್ದು. ಬಸವ ಜಯಂತಿ ಆದ್ಮೇಲೆ ನಿಮ್ಮ ಅಂಗಡಿಗೇ ಬಂದಿದ್ದೆ. ಮೆಸೇಜ್‌ನಾಗೆ ಕೇಳಿದ್ರೆ ಮರ್ಯಾದಿ ಅಲ್ಲ, ಮಾಡಿದೋರ ಮನಿಗೆ ಹೋಗಿ ಎಲೆ ಅಡಿಕೆ ಹಣ್ಣು ಇಟ್ಟು ಕೇಳು ಅಂತ ನಮ್ಮಜ್ಜಿ ಹೇಳಿದ್ಲು. ಇಟ್ಟು ಕೇಳಿದೆ. ನೀವೇ ತಗಂಡ್ ಹೋಗಪ್ಪ, ನಮ್ಮ ಅಂಗಡಿ ಹೆಸ್ರು ಹಾಕು ಅಂದ್ರಿ. ಹಾಕಿದೀನಿ. ಈಗ ಎಲ್ಲಾರ ಮುಂದೆ ಕಳ್ಳ ಅಂತೀರಿ. ನಾನೇನು ತಪ್ಪು ಮಾಡಿದೆ ಹೇಳ್ರಿ ಸಾರ್.'

ಸುಳ್ಳು ಬೊಗಳಬೇಡ ಅಂತ ಬರೆದೆ. ನಾನು ನಿನ್ನ ಮುಖವನ್ನೇ ನೋಡಿಲ್ಲ ಅಂದೆ.

'ಒಳಗೆ ಮಿಷನ್ ಮುಂದೆ ಒಬ್ರು ಮೇಡಂ ಕೆಲ್ಸ ಮಾಡ್ತಿದ್ರು. ಅವ್ರು ನನಗೆ ನೀರು ಕೊಟ್ರು. ಬೇಕಾದ್ರೆ ಅವ್ರನ್ನ ಕೇಳ್ರಿ.'

ಕನ್ನಡಕದ ಒಬ್ಬ ಹುಡುಗ ಬಂದಿದ್ದು ಹೌದು. ಚೊಂಬಿನಲ್ಲಿ ನೀರು ಕೊಟ್ಟವಳು ನಾನೇ. ಹೋಗುವಾಗ ಆತ ಮಾವನ ಕಾಲು ಮುಟ್ಟಿದ್ದು ನೋಡಿ, ಯಾರೋ ಮದುವೆಗೆ ಕರೆಯಲು ಬಂದವರಿರಬೇಕು ಅಂದುಕೊಂಡಿದ್ದೆ. ಆ ಬಾಳೆಹಣ್ಣಿನ ಚಿಪ್ಪನ್ನು ಮಾವ ನನ್ನ ಕೈಗೆ ಕೊಟ್ಟರು. ಮನೆಗೆ ತಂದೆ. ಅಮ್ಮ ಎರಡು ತಿಂದಳು. ಮಿಕ್ಕಿದ್ದನ್ನೆಲ್ಲ ನಾನು ತಿಂದೆ.

೨೩ ಜೂನ್

ಮಾವನನ್ನು ಕೇಳಿದೆ.

"ಹ್ಞೂಂ, ಯಾವ್ನೋ ಜಗಳೂರು ಕಡೆ ಹುಡ್ಗ ಬಂದಿದ್ದ. ಕಂಪ್ಯೂಟರ್ ಬಸ್ಸಿನ ಡಿಸೈನ್ ಬಳಸ್ಕಂತೀನಿ ಅಂದ. ಬಳಸ್ಕಳಪ್ಪ, ನಮ್ಮ ಹೆಸ್ರು ಹಾಕು ಅಂದೆ. ಹಾಕ್ಯಾನೋ ಇಲ್ವೋ?"

"ಅದು ನಂದು ಮಾವ. ನನ್ನೊಂದು ಮಾತು ಕೇಳ್ಬೇಕಿತ್ತು."

ಮಾವ ಅಳತೆ ಪಟ್ಟಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾವ ಕಂಪ್ಯೂಟರ್‌ನಾಗೆ ಮಾಡಿದ್ದು?"

"ಅಂಗಡಿದ್ರಾಗೆ."

"ಕರೆಂಟು ಯಾರ್ದು? ಕೂರೋ ಕುರ್ಚಿ ಯಾರ್ದು? ನಿಂದು ನಂದು ಅಂತ ಯಾವತ್ತಿಂದ ಶುರುವಾತು ನಮ್ಮನ್ಯಾಗೆ?"

ತಿರುಗಿ ಹೋಗಿ ಮಿಷನ್ ಮುಂದೆ ಕೂತೆ. ಇಡೀ ದಿನ ಸಿಟ್ಟು. ನಂಬರ್ ಪ್ಲೇಟ್ ಒಂದನ್ನು ಎರಡು ಸಲ ತಪ್ಪಾಗಿ ಕತ್ತರಿಸಿದೆ.

ಅಮ್ಮನ ಹತ್ತಿರ ಹೇಳಿದರೆ ಅವಳು ತಮ್ಮನ ಕಡೆಗೇ. "ನಿನಗೆ ಕೆಲ್ಸ ಕಲ್ಸಿದೋನು ಅವ್ನು. ಮಾವ ಒಂದು ಮಾತು ಕೊಟ್ರೆ ಏನು ಗಂಟು ಹೋಗ್ತತೆ?" ಕೇಳಬೇಕಪ್ಪ ಅಂದವಳು ಇವಳೇ. ಒಳಕಲ್ಲು ತನ್ನದಾದಾಗ ಒಂದು ಮಾತು, ಬಸ್ಸು ನನ್ನದಾದಾಗ ಇನ್ನೊಂದು.

೨೪ ಜೂನ್

ಶರಣುವಿಗೂ ಉಗಿದು ಬರೆದೆ. ನೀನು ಕೇಳಿದ್ದು ಹೌದು, ನನ್ನನ್ನಲ್ಲ. ನೀರು ಕೊಟ್ಟವಳೇ ಬಸ್ಸು ಮಾಡಿದವಳು. ನಾನು ಗಿಣಿ ಬಿಡಿಸುತ್ತಾ ಎದುರಿಗೇ ಕೂತಿದ್ದೆ, ನಿನ್ನ ಕಣ್ಣಿಗೆ ಕಾಣಲಿಲ್ಲವಾ? ಕನ್ನಡಕ ಯಾಕೆ ಹಾಕುತ್ತೀಯ?

ಸಂಜೆ ಉತ್ತರ ಬಂತು. 'ಅಂಗ್ಡಿ ಅಂದ್ಮೇಲೆ ದೊಡ್ಡೋರ್ನ ಕೇಳ್ಬೇಕು ಅಂತಷ್ಟೇ ನನಗೆ ಗೊತ್ತಿದ್ದದ್ದು. ತಪ್ಪಾತು ರೀ ಮೇಡಂ. ಆದ್ರೆ ನಾನು ಕಳ್ಳ ಅಲ್ಲ. ಅದನ್ನ ಬಳಗದಾಗೆ ಹೇಳ್ರಿ.'

ಹೇಳುವುದಿಲ್ಲ. ಯಾಕೆ ಹೇಳಬೇಕು? ಹೇಳಿದರೆ ನಾನು ಯಾರು ಅಂತಲೂ ಹೇಳಬೇಕಾಗುತ್ತದೆ.

೨೭ ಜೂನ್

ಚಿಕ್ಕಹನುಮಂತಪ್ಪನವರು ಎರಡನೇ ಬಸ್ಸಿನ ಕೆಲಸ ಹಿಡಿದುಕೊಂಡು ಮತ್ತೆ ಬಂದರು. "ಪರಮೇಶಪ್ಪಾ, ಇದಕ್ಕೂ ನಿನ್ನ ನವಿಲೇ ಬೇಕು," ಅಂದರು.

"ಅದು ನಾನು ಬಿಡ್ಸಿದ್ದು ಸಾರ್," ಅಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವರು ನನ್ನ ಕಡೆ ತಿರುಗಿ, "ಹೌದಾ? ಭೇಷ್ ಕಣಮ್ಮ," ಅಂದವರೇ ಮತ್ತೆ ಮಾವನ ಜೊತೆ ರೇಟಿನ ಮಾತಿಗೆ ಹೋದರು. ಮಾವ ನಗಲಿಲ್ಲ. ಟೀ ತರಲು ನಾನು ಏಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಮಾವನೇ ಹೋಗಿ ತಂದರು.

೨ ಜುಲೈ

ಬಳಗದಲ್ಲಿ ಎಲ್ಲ ಬರೆದು ಹಾಕಿದೆ. ಶರಣು ಕೇಳಿಯೇ ಒಯ್ದದ್ದು, ಆದರೆ ಮಾಡಿದವಳನ್ನು ಬಿಟ್ಟು ಅಂಗಡಿಯ ಯಜಮಾನರಾದ ನನ್ನ ಮಾವನನ್ನು ಕೇಳಿದ್ದು. ಅವನು ಕಳ್ಳನಲ್ಲ, ಅವನ ರಸ್ತೆಗಳನ್ನು ವಾಪಸ್ ಹಾಕಿ. ಬಸ್ಸು ಮಾಡಿದ ನಾನು ಚೈತ್ರಾ. ಅವನ ಮೇಲೆ ಕನಿಕರ ಬಂದು ಬರೆದದ್ದಲ್ಲ. ಅವನ ಅಜ್ಜಿಗೆ ಬೈದವನ ಮಾತು ಯಾಕೋ ತಲೆಯಿಂದ ಹೋಗುತ್ತಿರಲಿಲ್ಲ. ನನ್ನ ಬಸ್ಸಿನ ಮೇಲಿರುವುದೂ ನನ್ನ ಅಜ್ಜಿಯ ಹೆಸರೇ.

ಉತ್ತರಗಳು ಬಂದವು ನೋಡಿ! 'ಅಣ್ಣ ಅಲ್ವಾ? ಅಕ್ಕನಾ?' 'ಇಷ್ಟು ದಿನ ಮೋಸ ಮಾಡಿದ್ರಿ.' 'ನಿಜ ಹೇಳಿ, ನಿಮ್ಮಣ್ಣ ಮಾಡಿದ್ದು ತಾನೇ?' ಒಬ್ಬ ನಂಬರ್ ಕೇಳಿದ. ಕಳ್ಳ ಅಂತ ಶರಣುವನ್ನು ಉಗಿದವರೇ ಈಗ ನನ್ನ ಮೇಲೆ ಬಿದ್ದಿದ್ದಾರೆ. ಅವನ ಕ್ಷಮೆ ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಿಲ್ಲ.

೩ ಜುಲೈ

ನಾಗರಾಜ್ ಫೋನ್ ಮಾಡಿದ್ದ.

"ಮೇಡಂ, ಕಟ್ಟಿನಾಗೆ ನಿಮ್ಮ ಬಸ್ಸೇ ಮೊದ್ಲು ಇರ್ತತೆ, ಅದೇನು ತೊಂದ್ರೆ ಇಲ್ಲ. ಆದ್ರೆ ನಾಳೆ ಮತ್ತೆ ಗಲಾಟಿ ಬ್ಯಾಡ ನೋಡ್ರಿ. ನಿಮ್ಮ ಮಾವಾರ ಕಡೆಯಿಂದ ಒಪ್ಗೆ ಐತೆ ಅಂತ ಒಂದು ಮಾತು ಹೇಳಿಸ್ಬಿಡ್ರಿ."

"ಯಾತಕ್ಕೆ ಒಪ್ಗೆ?"

"ನಿಮ್ಮ ಹೆಸ್ರು ಹಾಕಾಕೆ."

"ಉಳಿದವ್ರ ಬಸ್ಸಿಗೆಲ್ಲ ಅವರ ಮಾವಂದಿರ ಹತ್ರ ಕೇಳಿದೀರಾ?"

"ಹಂಗಲ್ಲ ಮೇಡಂ, ನಿಮ್ದು ಬ್ಯಾರೆ…"

ನನ್ನ ಬಸ್ಸನ್ನು ಕಟ್ಟಿನಿಂದ ತೆಗೆಯಿರಿ ಅಂದೆ. ಮೊದಲ ಪುಟವೆಲ್ಲ ತಯಾರಾಗಿದೆ ಅಂತ ಗೋಗರೆದ. ತೆಗೆಯಿರಿ ಅಂದೆ. ಫೋನ್ ಇಟ್ಟ ಮೇಲೆ ಅಳು ಬಂತು. ಸಿಟ್ಟಿಗೆ ಬಂದದ್ದು, ಬೇರೇನೂ ಅಲ್ಲ. ಆ ಒಂದು ಹೆಸರಿಗಾಗಿ ಎಷ್ಟು ಕಾದಿದ್ದೆ.

೮ ಜುಲೈ

ಮಾವನ ಅಂಗಡಿಯಲ್ಲಿ ಮಾತಿಲ್ಲ. ಕೆಲಸ ಇದೆ.

೧೨ ಜುಲೈ

ನಾನು ಬಿಡಿಸಿದ ಪ್ರತಿ ಚಿತ್ರದ ಮೂಲೆಯಲ್ಲೂ ಒಂದು ಸಣ್ಣ ಗಿಣಿ ಇಡುತ್ತಿದ್ದೇನೆ, ಉಗುರಿನಷ್ಟು. ಇವತ್ತು ಒಂದು ಆಟೋದ ಗಾಜಿನ ಮೇಲಿಂದ ಮಾವ ಬ್ಲೇಡ್ ಹಿಡಿದು ಅದನ್ನು ಕೆರೆದು ತೆಗೆದರು. ಅವರು ಊಟಕ್ಕೆ ಹೋದಾಗ ಇನ್ನೊಂದು ಕತ್ತರಿಸಿ ಅಂಟಿಸಿದೆ. ಆಟೋದವನು ಎರಡನ್ನೂ ನೋಡುತ್ತಾ ನಿಂತಿದ್ದ. "ಇರ್ಲಿ ಬಿಡಕ್ಕ, ಚಂದ ಐತೆ," ಅಂದ.

೧೯ ಜುಲೈ

ಶರಣು ಬಂದಿದ್ದ.

ಜಗಳೂರಿನಿಂದ ನ್ಯಾಮತಿಗೆ ಬಸ್ಸು ಬದಲಾಯಿಸಿಕೊಂಡು ಬಂದು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದೇ ಕನ್ನಡಕ, ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣಿನ ಚಿಪ್ಪು. ಮಾವ ಕುರ್ಚಿಯಿಂದಲೇ ಕೈ ಚಾಚಿ, "ಬಾರಪ್ಪ, ಏನ್ ಸಮಾಚಾರ?" ಅಂದರು.

"ನಿಮ್ಹತ್ರ ಅಲ್ಲ ರೀ, ಅವ್ರತ್ರ ಕೇಳ್ಬೇಕು," ಅಂದ.

ಮಾವನ ಕೈ ಹಾಗೇ ನಿಂತಿತು. ಅವನು ಕೌಂಟರ್ ದಾಟಿ ಮಿಷನ್ ಹತ್ತಿರ ಬಂದು, ಹಣ್ಣನ್ನು ನನ್ನ ಮೇಜಿನ ಮೇಲಿಟ್ಟ. ಒಂದೇ ಉಸಿರಿಗೆ ಹೇಳಿದ: "ಮೇಡಂ, ನಿಮ್ಮ ಸುಂಕಲಮ್ಮ ಬಸ್ಸಿನ ಮೇಲೆ ನಾನು ಕೆಲ್ಸ ಮಾಡಿದೀನಿ. ನಿಮ್ಮ ಹೆಸ್ರು ಮುಂದೆ ದೊಡ್ಡದಾಗಿ ಹಾಕ್ತೀನಿ. ಬಳಸ್ಕಳ್ಲಾ?"

ಇಷ್ಟು ದಿನ ಇದನ್ನೇ ಕೇಳಬೇಕೆಂದು ಕಾದಿದ್ದೆ. ಮಾವ ನೋಡುತ್ತಿದ್ದರು. ಆಟೋ ಸ್ಟ್ಯಾಂಡಿನವರಿಬ್ಬರು ನೋಡುತ್ತಿದ್ದರು. ಹೂಂ ಅಂದರೆ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುತ್ತಿದ್ದೆ.

"ಕೊಡಲ್ಲ," ಅಂದೆ.

"ಅಲ್ಲಮ್ಮ, ಪಾಪ, ಅಷ್ಟು ದೂರದಿಂದ ಬಂದಾನೆ," ಅಂದರು ಮಾವ.

"ಬಂದಿದ್ದು ಕೇಳಾಕೆ. ಕೇಳಿದ್ರು. ನಾನು ಕೊಡಲ್ಲ."

ಶರಣುವಿನ ಮುಖ ಸಣ್ಣಗಾಯಿತು. ಆದರೂ ವಾದ ಮಾಡಲಿಲ್ಲ, ಕಾರಣ ಕೇಳಲಿಲ್ಲ. "ಆತು ರೀ. ನನ್ನ ಪುಟದಾಗೆ ಇರೋದ್ನ ಇವತ್ತೇ ತೆಗಿತೀನಿ," ಅಂದ. ಹಣ್ಣು ಒಯ್ಯಿರಿ ಅಂದೆ. ಒಯ್ದ. ಬಾಗಿಲ ಹತ್ತಿರ ಹೋದವನನ್ನು ಕರೆದು ಒಂದು ಚೊಂಬು ನೀರು ಕೊಟ್ಟೆ. ನಿಂತೇ ಕುಡಿದ. ನಿಮ್ಮ ಅಜ್ಜಿಗೆ ಅವರು ಹಾಗೆ ಬೈಯಬಾರದಿತ್ತು ಅಂದೆ. ತಲೆಯಾಡಿಸಿ ಹೊರಟ.

ಸಂಜೆ ನೋಡಿದರೆ ಬಸ್ಸು ಎಲ್ಲೂ ಇರಲಿಲ್ಲ, ತೆಗೆದಿದ್ದ. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ ನನಗೇ ಹೆದರಿಕೆಯಾಯಿತು.

೨೪ ಜುಲೈ

ಚಿಕ್ಕಹನುಮಂತಪ್ಪನವರ ನವಿಲನ್ನು ಹೊನ್ನಾಳಿಯ ಇನ್ಯಾರೋ ತಮ್ಮ ಬಸ್ಸಿಗೂ ಕೇಳಿದರಂತೆ. "ಕೊಡಾದಾ ಬ್ಯಾಡಾ?" ಅಂದರು ಮಾವ, ಪಟ್ಟಿಯಿಂದ ಕಣ್ಣೆತ್ತದೆ. ಅವರಿಗೆ ಬೇರೆ ನವಿಲು ಬಿಡಿಸುತ್ತೇನೆ ಅಂದೆ. ಸರಿ ಅಂದರು. ಬಹಳ ಕೆಲಸ ಇವತ್ತು, ಸೊಂಟ ಬಿದ್ದುಹೋಗಿದೆ.

೩೧ ಜುಲೈ

ಬಳಗದ ಕಟ್ಟು ಬಂತು, ನನ್ನ ಬಸ್ಸಿಲ್ಲದೆ. ತೆರೆದು ನೋಡಲಿಲ್ಲ.

೩ ಆಗಸ್ಟ್

ಹೊಸ ಬಸ್ಸು ಮುಗಿಯುತ್ತಾ ಬಂದಿದೆ. ಇದನ್ನು ಮನೆಯಲ್ಲೇ ಮಾಡಿದ್ದು, ಚಿಕ್ಕಮ್ಮನ ಮಗಳು ಅರ್ಪಿತಾಳ ಲ್ಯಾಪ್‌ಟಾಪಿನಲ್ಲಿ, ಅವಳನ್ನು ಕೇಳಿ. ಹಣೆಯ ಮೇಲೆ ಸುಂಕಲಮ್ಮ. ಹಿಂದೆ, ದೂರದಿಂದಲೂ ಕಾಣುವಷ್ಟು ದೊಡ್ಡದಾಗಿ, 'ಚೈತ್ರಾ, ನ್ಯಾಮತಿ'. ಅಮ್ಮ ಬಂದು ನೋಡಿ, "ಇಷ್ಟು ದೊಡ್ಡದ್ಯಾಕೆ?" ಅಂದಳು. ಇರಲಿ ಅಂದೆ.

ಹಾರನ್ ಒಂದೇ ಬಾಕಿ. ಆಟದ ಹಾರನ್ನು ಈ ಬಸ್ಸಿಗೆ ಆಗಿಬರುವುದಿಲ್ಲ, ಪೀಪಿ ಊದಿದ ಹಾಗಿದೆ. ಶರಣುವಿನ ಹಾರನ್ ನನ್ನ ಹತ್ತಿರವೇ ಇದೆ. ಸಾಕ್ಷಿಗೆ ಇಳಿಸಿಕೊಂಡಿದ್ದ ಬಸ್ಸಿನ ಜೊತೆಗೆ ಬಂದದ್ದು. ಎಳೆದು ಹಾಕಿದರೆ ಮುಗಿಯಿತು. ಕೊನೆಯ 'ರೈಟ್ ರೈಟ್' ಕತ್ತರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಅವನಿಗೆ ಬರೆದೆ. 'ನಿಮ್ಮ ಹಾರನ್ ನನ್ನ ಹೊಸ ಬಸ್ಸಿಗೆ ಬಳಸಿಕೊಳ್ಳಲಾ? ಆಗಲ್ಲ ಅಂದರೂ ಪರವಾಗಿಲ್ಲ.'

ಎರಡು ನೀಲಿ ಗೆರೆ ಬಂದವು. ನೋಡಿದ್ದಾನೆ. ಮಧ್ಯಾಹ್ನ ಕಳೆಯಿತು, ಉತ್ತರವಿಲ್ಲ. ಇನ್ನೊಂದು ಸಲ ಬರೆಯೋಣವೆಂದು ಕೈ ಹೋಯಿತು. ಬಿಟ್ಟೆ. ದುರಹಂಕಾರಿ.

ಹಾರನ್ ಇಲ್ಲದೆಯೇ ಬಸ್ಸು ಹೊರಡಿಸಿದೆ. ಹೊನ್ನಾಳಿ ಸೇತುವೆ ದಾಟಿ ಸೂಳೆಕೆರೆಗೆ ಬಂದರೆ ಏರಿಯ ಮೇಲೆ ಕುರಿ ಹಿಂಡು ಅಡ್ಡ ಬಂತು. ಚದುರಿಸಲು ಏನೂ ಇರಲಿಲ್ಲ. ಬ್ರೇಕ್ ಹಾಕಿ, ಕೊನೆಯ ಕುರಿ ದಾಟುವವರೆಗೂ ನಿಂತಿದ್ದೆ.